ಹಾಸ್ಟೆಲ್ ಪೈಕಿ

ನಮ್ಮ ದಲಿತ ವಿದ್ಯಾರ್ಥಿಗಳ ಹಾಸ್ಟೆಲಿನ ಹಳೆಯ ಹುಡುಗರ ಸಂಘಕ್ಕೆ ಮಸ್ಕತ್ತಿನಲ್ಲೂ ಒಂದು ಶಾಖೆಯಿದೆ. ಆ ಶಾಖೆಯೆಂದರೆ ಹೊನ್ನಪ್ಪಣ್ಣ. ಶುಕ್ರವಾರ ಹಮ್ರಿಯಾ ಬಡಾವಣೆಯ ಅವರ ಮನೆಯಲ್ಲಿ ಸೇರುವಾಗ ಇಸ್ತ್ರಿಯಿಲ್ಲದ ಅಂಗಿ ಹೊಸ್ತಿಲು ದಾಟುವಂತಿಲ್ಲ. ಊರಿಂದ ಹೊಸದಾಗಿ ಬಂದವನು ಉಂಡೇಳುವ ತನಕ ಹಳಬರು ತಟ್ಟೆ ಮುಟ್ಟುವಂತಿಲ್ಲ. ಸಾರು ಕೂಡ ಅಣ್ಣನನ್ನು ಕೇಳಿಯೇ ಕುದಿಯುತ್ತದೆ. "ಒಬ್ಬ ಜಾರಿದ್ರೆ ಎಲ್ರೂ ಬಿದ್ದಂಗೆ ಕಣ್ರೋ," ಎನ್ನುತ್ತಾರೆ. ಇಲ್ಲಿನ ಕನ್ನಡಿಗರ ಸಮಾರಂಭಕ್ಕೆ ಹೊರಡುವ ಮುಂಚೆ ನಮ್ಮನ್ನು ನಿಲ್ಲಿಸಿ ಪಾಠ ಒಪ್ಪಿಸಿಕೊಳ್ಳುತ್ತಾರೆ. "ನೀವು ಯಾರ ಪೈಕಿ ಅಂತ ಜಾತಿ ಕೆದಕಿದ್ರೆ ಏನಂತೀರಿ?" "ಹಾಸ್ಟೆಲ್ ಪೈಕಿ, ಅಣ್ಣಾ." "ತಲೆ ಎತ್ತಿ ಹೇಳ್ರೋ." ಅಲ್ಲಿ ಊಟದ ಹೊತ್ತಿಗೆ ಯಾರಾದರೊಬ್ಬರು ಅವರನ್ನೇ ಆ ಪ್ರಶ್ನೆ ಕೇಳುತ್ತಾರೆ. ಅಣ್ಣ ತಲೆ ಎತ್ತಿಯೇ ಹೇಳುತ್ತಾರೆ, ದನಿ ನಡುಗುವುದಿಲ್ಲ. ಕೈ ಮಾತ್ರ ತುತ್ತು ಬಿಟ್ಟು ತಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಕೇಳಿದವರು ಅದನ್ನು ಕಸಿದುಕೊಳ್ಳುವರೇನೋ ಎಂಬಂತೆ.