ಕುಬಸದ ಸೀರೆಯ ಗೆರೆ

ಇವತ್ತು ಬೆಳಿಗ್ಗೆ ಅನ್ನ ಬಸಿದ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಟ್ಟೆ. ನಿಮಗೆ ಅದು ಅಡುಗೆಮನೆಯ ವಾಸನೆ. ನನಗೆ ಬೆಟಗೇರಿಯ ಗಂಗವ್ವನ ಮನೆಯದು. ನೂಲಿಗೆ ಗಂಜಿ ಹಾಕಿ ಹಾಕಿ ಅವರ ಗೋಡೆಗಳಿಗೂ ಅದೇ ವಾಸನೆ ಹತ್ತಿತ್ತು.

ಆಗ ನಾನು ಗದಗಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಕೈಮಗ್ಗದ ಬಗ್ಗೆ ಬರೆಯಬೇಕು, ಶಾಲೆ ಶಾಲೆಗೆ ಹೋಗಿ ಮಕ್ಕಳಿಗೆ ತೋರಿಸಬೇಕು ಎಂಬ ಹುಚ್ಚು. ರವಿವಾರ ಬಂತೆಂದರೆ ಕ್ಯಾಮೆರಾ ಹಿಡಿದು ಗಂಗವ್ವನ ಮಗ್ಗದ ಮುಂದೆ ಹಾಜರು. ನಾಲ್ಕು ತಿಂಗಳಲ್ಲಿ ಎರಡು ನೋಟುಪುಸ್ತಕ ತುಂಬಿದವು. ನೇಯ್ಗೆಯನ್ನು ಅರೆದು ಕುಡಿದಿದ್ದೇನೆ ಎಂದು ಬೀಗುತ್ತಿದ್ದೆ.

ಅವತ್ತು ಗಂಗವ್ವ ಒಂದು ಸೀರೆ ಮುಗಿಸಿ ಕೊಯ್ದು ತೆಗೆದಿದ್ದಳು. ಮಗ್ಗದಲ್ಲಿ ಹಳೆಯ ಎಳೆಗಳ ಮೊಳದುದ್ದದ ತುದಿಗಳಷ್ಟೇ ಉಳಿದಿದ್ದವು. ಪಕ್ಕದಲ್ಲಿ ಹೊಸ ಹಸಿರು ನೂಲು ಸಿದ್ಧವಿತ್ತು. ಬೆಳ್ಳಟ್ಟಿಗೆ ಕೊಟ್ಟ ಮಗಳು ಸವಿತಾ ಚೊಚ್ಚಲ ಬಸುರಿ. ಕುಬಸಕ್ಕೆ, ಅದೇ ಸೀಮಂತಕ್ಕೆ, ಅವಳಿಗೆ ತಾನೇ ನೇಯ್ದ ಸೀರೆ ಉಡಿಸಬೇಕೆಂಬುದು ಗಂಗವ್ವನ ಆಸೆ. ಉಳಿದದ್ದು ಎಂಟೇ ದಿನ.

ಆಕೆ ಚಹಾಕ್ಕಿಡಲು ಒಳಗೆ ಹೋದಳು. ಧೂಳು ಹಿಡಿದ ಆ ತುಂಡು ಎಳೆಗಳು ನನ್ನ ಕಣ್ಣಿಗೆ ಬಿದ್ದವು. ಹೇಗೂ ಎಸೆಯುವಂಥವು, ನೋಟುಪುಸ್ತಕದಲ್ಲಿ ಅಂಟಿಸಲಾದರೂ ಬಂದಾವು ಎಂದು, ಒಂದನ್ನೂ ಬಿಡದೆ ಫಣಿಯಿಂದ, ಎಂದರೆ ಮಗ್ಗದ ಆ ದೊಡ್ಡ ಬಾಚಣಿಗೆಯಿಂದ, ಎಳೆದು ತೆಗೆದೆ. ಮಗ್ಗ ಸ್ವಚ್ಛ ಮಾಡಿಕೊಟ್ಟ ಪುಣ್ಯವೂ ಬಂತು ಅಂದುಕೊಂಡೆ.

ಗಂಗವ್ವ ಕಪ್ಪುಬಸಿ ಹಿಡಿದು ಬಂದವಳು ಅಲ್ಲೇ ನಿಂತಳು.

"ಅಕ್ಕೋರ, ಇದೇನ್ ಮಾಡಿದ್ರಿ? ಹಳೇ ಎಳಿ ತುದಿಗೆ ಹೊಸಾ ಎಳಿ ಕೂಡ್ಸಿ ಜಗ್ಗಿದ್ರ ತಾನ ಹಾದು ಬರ್ತಿತ್ತು. ಈಗ ಸಾವಿರಾರು ಎಳಿ ಒಂದೊಂದ ಪೋಣಸ್ಬೇಕಲ್ರಿ!"

ಎರಡು ನೋಟುಪುಸ್ತಕ ತುಂಬಿಸಿದವಳು ಇದೊಂದನ್ನು ಕೇಳಿರಲಿಲ್ಲ. ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಬೈದಿದ್ದರೆ ಹಗುರಾಗುತ್ತಿತ್ತು, ಆಕೆ ಬೈಯಲಿಲ್ಲ.

"ಆತು, ಮೊದ್ಲ ಚಾ ಕುಡೀರಿ. ನಾಳಿಂದ ರಜಾ ಹಾಕ್ರಿ. ಹಿಂದ ಕುಂತು ಎಳಿ ಕೊಡಾಕ ಒಬ್ರು ಬೇಕು."

ಮೂರು ದಿನ ರಜೆ ಹಾಕಿದೆ. ಮಗ್ಗದ ಹಿಂದೆ ಕೂತು ಒಂದೊಂದೇ ಎಳೆ ಆರಿಸಿ ಕೊಡುವುದು ನನ್ನ ಪಾಲು. ಮುಂದಿನಿಂದ ಕೊಕ್ಕೆ ಹಾಕಿ ಎಳೆದುಕೊಳ್ಳುವುದು ಆಕೆಯದು. ಬೆನ್ನು ಹೋಯಿತು, ಕಣ್ಣು ಹೋಯಿತು. ಪಾಂಡಿತ್ಯ ಮೊದಲೇ ಹೋಗಿತ್ತು. ಆದರೂ ಅಷ್ಟು ಸುಖವಾಗಿ ನಾನು ಬೇರಾವ ರಜೆಯನ್ನೂ ಕಳೆದಿಲ್ಲ. ಗಂಗವ್ವ ಮಗಳ ಬಯಕೆಗಳನ್ನು ಒಂದೊಂದಾಗಿ ಹೇಳುವಳು, ನಾನು ನಗುತ್ತ ಎಳೆ ಕೊಡುವೆ.

ನಾಲ್ಕನೆಯ ದಿನ ನೇಯಲು ಕೂತಳು. ಗೇಣುದ್ದ ನೇಯುವಷ್ಟರಲ್ಲಿ ಹಸಿರಿನ ನಡುವೆ ದಪ್ಪನೆಯ ಗೆರೆಯೊಂದು ಎದ್ದು ಕಂಡಿತು. ಮಾತಿನ ಗುಂಗಿನಲ್ಲಿ ಎರಡು ಎಳೆ ಒಟ್ಟಿಗೇ ಕೊಟ್ಟುಬಿಟ್ಟಿದ್ದೆ. ಬಿಚ್ಚೋಣ ಎಂದೆ.

"ಬಿಚ್ಚಕೋತ ಕುಂತ್ರ ಕುಬಸ ಮುಗ್ದು ಕೂಸ ಹುಟ್ಟತೈತ್ರಿ. ಇರ್ಲಿ ಬಿಡ್ರಿ!"

ಕುಬಸದ ಹಿಂದಿನ ದಿನ ಸೀರೆ ಇಳಿಯಿತು. ಸವಿತಾ ಅದನ್ನೇ ಉಟ್ಟು ಕೂತಳು. ಎಲ್ಲರೂ ಅವಳ ಮುಖ ನೋಡಿದರು, ನಾನು ಗೆರೆ ನೋಡಿದೆ.

ಈಗ ನಾನು ಶಾಲೆಗಳಿಗೆ ಒಬ್ಬಳೇ ಹೋಗುವುದಿಲ್ಲ. ಗಂಗವ್ವ ಮಾತಾಡುತ್ತಾಳೆ, ನಾನು ಸೀರೆ ಹಿಡಿದು ನಿಲ್ಲುತ್ತೇನೆ. ಇವತ್ತು ಮಧ್ಯಾಹ್ನ ಹುಲಕೋಟಿಯಲ್ಲಿ ಸವಿತಾಳ ಆ ಸೀರೆಯನ್ನೇ ಹರವಿದ್ದೆವು. ಗೆರೆ ಕಾಣದಂತೆ ಮಡಚುವ ಚಟ ನನಗೆ ಮೊದಲಿತ್ತು, ಇವತ್ತು ಮಡಚಲಿಲ್ಲ. ಹುಡುಗಿಯೊಬ್ಬಳು ಅದರ ಮೇಲೆ ಬೆರಳಾಡಿಸಿ, "ಅಜ್ಜಿ, ಇಲ್ಲಿ ತಪ್ಪಾಗೇತಲ್ಲ?" ಎಂದಳು.

"ಆ ತಪ್ಪು ನಂದವ್ವ" ಎಂದೆ ನಾನು.

ಗಂಗವ್ವ ನನ್ನ ಕಡೆ ತಿರುಗಿದಳು. "ಉಳಿದ ಎಳಿ ಎಲ್ಲಾ ಸರಿಯಾಗೇ ಕೊಟ್ಟೀರಲ್ಲ, ಅದನ್ನೂ ಹೇಳ್ರಿ ಅಕ್ಕೋರ."