ಹೇಳಬಾರದ ಪುಡಿ

ಅಕ್ಕನ ಮುಖ ದುಂಡಗಾದದ್ದನ್ನು ಕಂಡು ನೆರೆಕರೆಯವರೆಲ್ಲ ಸಂತೋಷಪಟ್ಟರು. ನನಗೊಬ್ಬಳಿಗೆ ಅದು ಸರಿ ಕಾಣಲಿಲ್ಲ.

ಎಂಬತ್ತರ ದಶಕದ ಆರಂಭ. ನಾನು ಮೂಡುಬಿದಿರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಶನಿವಾರ ಬಸ್ಸು ಹಿಡಿದು ಬಂಟ್ವಾಳದ ಮನೆಗೆ ಬರುತ್ತಿದ್ದೆ. ಅಪ್ಪನಿಲ್ಲದ ಮನೆ, ಅಕ್ಕ ಬೀಡಿ ಸುತ್ತಿಯೇ ನನ್ನನ್ನು ಓದಿಸುತ್ತಿದ್ದಳು. ಒಂದು ಮಳೆಗಾಲ ಅವಳ ಬೆರಳ ಗಂಟುಗಳು ಊದಿಕೊಂಡವು. ಬೆಳಿಗ್ಗೆ ಎದ್ದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಬಿಸಿ ಗಂಜಿತಿಳಿಯಲ್ಲಿ ಕೈ ಅದ್ದಿ ಕೂತು, ಬಿಸಿಲೇರಿದ ಮೇಲೆ ಕತ್ತರಿ ಹಿಡಿಯುತ್ತಿದ್ದಳು.

ಇದಕ್ಕೆ ಯಾರು ಕಾರಣ ಎಂಬ ಹುಡುಕಾಟ ಶುರುವಾಯಿತು. ಅಮ್ಮನಿಗೆ ಪಕ್ಕದ ಮನೆಯವಳ ಕಣ್ಣು ತಾಗಿದೆಯೆಂಬ ಅನುಮಾನ. ಅವಳು ಒಮ್ಮೆ ಅಕ್ಕನ ಕೈ ನೋಡಿ, "ಮೆಷಿನು ಮಾರಾಯ್ತಿ ನಿನ್ನದು" ಎಂದಿದ್ದಳಂತೆ. ಚಿಕ್ಕಮ್ಮನಿಗೆ ನಾಗನ ದೋಷದ ಅನುಮಾನ. ಅಕ್ಕ ಸ್ವತಃ ದೂರುತ್ತಿದ್ದುದು ದಿನವಿಡೀ ಮುಟ್ಟುವ ಒದ್ದೆ ಬೀಡಿ ಎಲೆಯನ್ನು.

ಕೊನೆಗೆ ಬೆಳ್ತಂಗಡಿಯ ಕಡೆ ನಾಟಿ ಮದ್ದು ಕೊಡುವ ಒಬ್ಬರಿಂದ ಅಮ್ಮ ಪುಡಿ ತಂದರು. ಬೇರಿನ ಮದ್ದು ಎಂದು ಹೇಳಿ ಕೊಟ್ಟದ್ದು. ಎರಡು ಕಟ್ಟುಪಾಡು: ಮದ್ದಿನ ಸುದ್ದಿ ಯಾರ ಬಳಿಯೂ ಎತ್ತಬಾರದು, ಎತ್ತಿದರೆ ಫಲ ಹೋಗುತ್ತದೆ; ಮನೆಯಲ್ಲಿ ಸೂತಕ ಬಂದರೆ ಅದು ಕಳೆಯುವವರೆಗೆ ಮದ್ದು ಮುಟ್ಟಬಾರದು.

ವಾರದೊಳಗೆ ಅಕ್ಕನ ಬೆರಳ ಊತ ಇಳಿಯಿತು. ಮತ್ತೆ ಹಳೆಯ ವೇಗದಲ್ಲಿ ಬೀಡಿ ಸುತ್ತತೊಡಗಿದಳು. ಆದರೆ ಪುಡಿ ಬೆಳ್ಳಗಿತ್ತು. ಯಾವ ಬೇರು ಒಣಗಿ ಅಷ್ಟು ಬೆಳ್ಳಗಾಗುತ್ತದೆ? ತಿಂಗಳುಗಳು ಕಳೆದ ಮೇಲೆ ಒಂದು ಪೊಟ್ಟಣದ ತಳದಲ್ಲಿ ಅರೆಯದೆ ಉಳಿದ ಚೂರೊಂದು ಸಿಕ್ಕಿತು. ಅದರ ನಡುವೆ ನೇರವಾದ ಗೀರು, ಮಾತ್ರೆಗಳಿಗೆ ಇರುವಂಥದ್ದೇ.

"ಅಕ್ಕ, ಇದು ಬೇರಲ್ಲ. ಮಾತ್ರೆ ಅರೆದದ್ದು."

"ಬೇರಾದ್ರೇನು, ಕಲ್ಲಾದ್ರೇನು? ಕೈ ನೋಡು ನನ್ನದು." ಮುಷ್ಟಿ ಮುಚ್ಚಿ ಬಿಚ್ಚಿ ತೋರಿಸಿದಳು. "ಕಾಲೇಜಿನಲ್ಲಿ ಕಪ್ಪೆ ಕೊಯ್ಯುವವಳು ಬಂದ್ಲು ನನಗೆ ಬುದ್ಧಿ ಹೇಳ್ಲಿಕ್ಕೆ!"

ಆ ವರ್ಷವೇ ಸೋದರಮಾವ ತೀರಿಕೊಂಡರು. ನಮ್ಮದು ಅಳಿಯಸಂತಾನದ ಮನೆ, ಸೂತಕ ಬಂತು. ಅಮ್ಮ ಪೊಟ್ಟಣಗಳನ್ನು ಡಬ್ಬಿಗೆ ಹಾಕಿ ಅಟ್ಟಕ್ಕೇರಿಸಿದರು. ಅಕ್ಕನೂ ಒಪ್ಪಿದಳು. ಸಾವಿನ ಕಾರಣಕ್ಕೆ ನಾನೂ ಮನೆಯಲ್ಲೇ ಉಳಿದಿದ್ದೆ. ಮೊದಲು ಅವಳಿಗೆ ಊಟ ಸೇರಲಿಲ್ಲ. ಆಮೇಲೆ ವಾಂತಿ, ಎದ್ದು ನಿಂತರೆ ಕಣ್ಣುಕತ್ತಲೆ. ಸೂತಕ ಕಳೆಯುವ ಮೊದಲೇ ಒಂದು ಬೆಳಿಗ್ಗೆ ಅವಳ ಮೈ ತಣ್ಣಗೆ ಬೆವರಿ ಮಾತು ತೊದಲಿತು.

"ಸತ್ತವರು ಕರೀತಾ ಉಂಟು ಅವಳನ್ನು," ಎಂದು ಅಮ್ಮ ಅತ್ತರು.

ಪಾಣೆಮಂಗಳೂರಿನಿಂದ ಬಾಡಿಗೆ ಕಾರು ತರಿಸಿ ಪೇಟೆಯ ಡಾಕ್ಟರ ಬಳಿಗೆ ಒಯ್ದೆವು. ಅವರು ರಕ್ತದೊತ್ತಡ ನೋಡಿದರು. ಪಟ್ಟಿ ಬಿಗಿದು ಮತ್ತೆ ನೋಡಿದರು.

"ಯಾವ ಮದ್ದು ತಗೊಳ್ತಾ ಇದ್ದಳು?"

"ಎಂತದೂ ಇಲ್ಲ," ಎಂದರು ಅಮ್ಮ.

"ನಾಟಿ ಮದ್ದು? ಪುಡಿಗಿಡಿ?"

"ಇಲ್ಲ ಡಾಕ್ಟ್ರೇ, ದೇವರಾಣೆ."

ಅಮ್ಮನ ಕೈ ಮೇಜಿನ ಕೆಳಗೆ ನನ್ನ ಮೊಣಕೈಯನ್ನು ಹಿಂಡುತ್ತಿತ್ತು. ಉಗುರು ಚರ್ಮಕ್ಕೆ ಇಳಿದದ್ದು ಈಗಲೂ ಗೊತ್ತಾಗುತ್ತದೆ. ಸುಳ್ಳು ಹೇಳುತ್ತಿದ್ದೇನೆಂದು ಅವರಿಗೆ ಅನಿಸಿರಲಾರದು. ಮಗಳ ಕೈ ಗುಣವಾದದ್ದು ಹೋಗದಂತೆ ಕಾಯುತ್ತಿದ್ದರು, ಅಷ್ಟೆ.

"ಬಿಳಿ ಪುಡಿ," ಎಂದೆ. "ಮಾತ್ರೆ ಅರೆದದ್ದು ಇರಬೇಕು. ಸೂತಕ ಅಂತ ನಿಲ್ಲಿಸಿದ್ದೇವೆ."

ಡಾಕ್ಟರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಸೂಜಿಮದ್ದು ತರಲು ಕೂಗಿದರು.

ಅಕ್ಕ ಬದುಕಿದಳು. ಅವಳಿಗೆ ಬಾಟಲಿ ಏರಿಸಿದ್ದಾಗ ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದರು. "ಮೈ ಕಾಯುವ ಜೀವಕೋಶಗಳು ಉಂಟಲ್ಲ, ಅವು ಮೈಯ ಕೀಲನ್ನೇ ಶತ್ರು ಅಂತ ತಿಳಿಯುತ್ತವೆ. ತಿಳಿದು ಸುಮ್ಮನಿರುವುದಿಲ್ಲ, ಕೆಲವು ಪ್ರೋಟೀನುಗಳನ್ನು ಹೊರಗೆ ಬಿಡುತ್ತವೆ. ಅವು ತಾಗಿದ ಬೇರೆ ಕೋಶಗಳೂ ಕೆರಳಿ ತಾವೂ ಬಿಡುತ್ತವೆ. ಗಂಟು ಊದುವುದು, ಒಳಗೆ ಮೂಳೆ ಸವೆಯುವುದು ಎಲ್ಲ ಅದರಿಂದ. ಈಗೀಗ ಪುಸ್ತಕಗಳಲ್ಲಿ ಬರ್ತಾ ಉಂಟು, ಪೂರ್ತಿ ನಮಗೂ ಗೊತ್ತಿಲ್ಲ. ಪುಡಿಯಲ್ಲಿದ್ದದ್ದು ಸ್ಟೀರಾಯ್ಡ್ ಅಂತ ನನ್ನ ಅಂದಾಜು. ಅದು ಆ ಗಲಾಟೆಯನ್ನು ಅಡಗಿಸ್ತದೆ, ಮುಖ ದುಂಡಗಾಗುವುದೂ ಅದರಿಂದಲೇ. ಆದರೆ ಹೊರಗಿನಿಂದ ಸಿಗ್ತಾ ಇದ್ದರೆ ಮೈ ತಾನೇ ಒಳಗೆ ಮಾಡ್ತಿದ್ದ ಸ್ಟೀರಾಯ್ಡನ್ನು ಮಾಡುವುದು ಬಿಡ್ತದೆ. ಫಕ್ಕನೆ ನಿಲ್ಲಿಸಿದರೆ ಎರಡೂ ಇಲ್ಲ."

ಆ ಹೊತ್ತಿಗೆ ನನಗೆ ನೆನಪಾದದ್ದು ನಮ್ಮ ಮನೆಯ ಜಗಲಿ. ಅಲ್ಲೂ ಒಬ್ಬರ ಅನುಮಾನ ಇನ್ನೊಬ್ಬರಿಗೆ ತಾಗಿ ಬೆಳೆದಿತ್ತು. ಪಕ್ಕದ ಮನೆಯವಳು ಪಾಪ, ನಮ್ಮ ಬಾವಿಕಟ್ಟೆಗೆ ಬರುವುದನ್ನೇ ಬಿಟ್ಟಿದ್ದಳು.

ಡಾಕ್ಟರು ಅದೇ ಮದ್ದನ್ನು ಅಳತೆಯಲ್ಲಿ ಕೊಟ್ಟು ಮೆಲ್ಲಮೆಲ್ಲನೆ ಇಳಿಸಿದರು. ಇಳಿದಂತೆ ಗಂಟುಗಳು ಮತ್ತೆ ಊದಿದವು. ಅಮ್ಮ ಈ ಸಲ ನೆರೆಯವಳ ಹೆಸರೆತ್ತಲಿಲ್ಲ. "ಹೇಳಬಾರದ್ದನ್ನು ಹೇಳಿದರೆ ಹಾಗೇ ಆಗುವುದು," ಎಂದು ಒಲೆಯ ಕಡೆ ನೋಡಿಕೊಂಡು ಅಂದರು. ನಾನು ಚಾ ತಂದುಕೊಟ್ಟರೂ, ಏನಾದರೂ ಬೆರೆಸಿದ್ದೇನೋ ಎಂಬಂತೆ ಲೋಟದೊಳಗೆ ಒಮ್ಮೆ ಇಣುಕಿಯೇ ಕುಡಿಯುತ್ತಿದ್ದರು ಎಂದು ನನಗನಿಸುತ್ತಿತ್ತು. ನಿಜವೋ, ನನ್ನ ಸಂಶಯವೋ.

ಅಂದು ನಾನು ಮೂಡುಬಿದಿರೆಯಲ್ಲೇ ಇದ್ದಿದ್ದರೆ? ಇಷ್ಟು ವರ್ಷಗಳಾದರೂ ಈ ಯೋಚನೆ ಬಂದರೆ ಮೊಣಕೈ ಉಜ್ಜಿಕೊಳ್ಳುತ್ತೇನೆ.

ಒಂದು ಬೆಳಿಗ್ಗೆ ಅಕ್ಕ ಗಂಜಿತಿಳಿಯಲ್ಲಿ ಕೈ ಅದ್ದಿ ಕೂತಿದ್ದಳು. ತಲೆಯೆತ್ತದೆ ಕೇಳಿದಳು: "ನೀನು ಹೇಳದಿದ್ದರೆ ನಾನು ಸಾಯ್ತಿದ್ದೆನಾ?"

"ಹೌದು."

"ಅದು ಡಾಕ್ಟ್ರು ಹೇಳಿದ್ದಾ, ನೀನು ಹೇಳುವುದಾ?"

"ಡಾಕ್ಟ್ರು."

ಅವಳು ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು. ಆಮೇಲೆ, "ನೀರು ತಣಿಯಿತು, ಸ್ವಲ್ಪ ಬಿಸಿ ಹಾಕು," ಎಂದಳು.