ಭುಜದ ಮೇಲಿಂದ ಎಸೆದ ಕಡ್ಡಿ

ಮಗಳ ಕಾಲೇಜು ಶೂ ಅಟ್ಟೆ ಬಿಟ್ಟಿದೆ, ಹೊಲಿಸಿಕೊಂಡು ಬನ್ನಿ ಎಂದು ಹೆಂಡತಿ ಶಿವದೇವಿ ಹೇಳಿದ್ದಕ್ಕೆ ಲಿಂಗಣ್ಣ ಆ ಭಾನುವಾರ ಬೆಳಿಗ್ಗೆ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಶೂ ತಿರುವಿ ನೋಡಿದ. ಎಡಗಾಲಿನದು ತುದಿಯಲ್ಲಿ ಬಾಯಿ ಬಿಟ್ಟಿತ್ತು. ಬಲಗಾಲಿನದನ್ನೂ ಒಮ್ಮೆ ನೋಡೋಣವೆಂದು ಎತ್ತಿದ. ಹಿಮ್ಮಡಿಯ ಕೆಳಗೆ ಬೆರಳಗಲದ ಕಂದು ಪಟ್ಟಿಯೊಂದು ಅಂಟಿಕೊಂಡಿತ್ತು. ಉಗುರಿನಿಂದ ಕೆರೆದ. ಒರಟು. ಅದರ ಮೇಲೆ ಹತ್ತಾರು ಗೀರುಗಳು.

ಅದು ಬೆಂಕಿಪೊಟ್ಟಣದ ಮಗ್ಗುಲಲ್ಲಿರುವ ಮದ್ದಿನ ಪಟ್ಟಿ. ಅದನ್ನು ಶೂ ಹಿಮ್ಮಡಿಗೆ ಅಂಟಿಸುವ ಒಬ್ಬನೇ ಮನುಷ್ಯ ಇಡೀ ಹೈದರಾಬಾದಿನಲ್ಲಿ ಅವನಿಗೆ ಗೊತ್ತಿದ್ದದ್ದು. ಅದು ಅವನೇ.

ಲಿಂಗಣ್ಣ ಮಾನ್ವಿ ಕಡೆಯವನು. ಹದಿನೆಂಟಕ್ಕೇ ಊರು ಬಿಟ್ಟು ಬಂದು ಯೂಸುಫ್‌ಗೂಡದ ಬಳಿ ಕೃಷ್ಣಾನಗರದಲ್ಲಿ ನೆಲೆ ನಿಂತವನು. ಆ ಓಣಿಗಳಲ್ಲಿ ಮನೆಗೊಬ್ಬರಾದರೂ ಸಿನಿಮಾದವರು. ಲೈಟು ಹೊರುವವರು, ಗುಂಪಿನಲ್ಲಿ ಕುಣಿಯುವವರು, ಹೆಣವಾಗಿ ಮಲಗುವವರು. ಲಿಂಗಣ್ಣ ಸಾಮಾನಿನವನು. ದೃಶ್ಯಕ್ಕೊಂದು ಒಡೆದ ತಟ್ಟೆ ಬೇಕೆಂದರೆ ತರುತ್ತಿದ್ದ, ಇಪ್ಪತ್ತು ವರ್ಷ ಹಳೆಯ ಕಾಗದ ಬೇಕೆಂದರೆ ಹೊಸ ಹಾಳೆಯನ್ನು ಚಹಾದಲ್ಲಿ ಅದ್ದಿ ಬಿಸಿಲಿಗೆ ಒಣಗಿಸಿ ಕೊಡುತ್ತಿದ್ದ. ಸಿಗರೇಟೂ ಅವನ ಪಾಲಿನದೇ. ಸೆಟ್ಟಿನಲ್ಲಿ ಸುಡುವುದು ತಂಬಾಕಲ್ಲ, ಪುದೀನ ತುಳಸಿ ಎಲೆ ತುಂಬಿದ ಸಿಗರೇಟು. ತಾನು ಮಾತ್ರ ಒಂದು ದಿನವೂ ಬೀಡಿ ಸಹ ಸೇದಿದವನಲ್ಲ.

ಎರಡು ವರ್ಷದ ಹಿಂದೆ ಒಂದು ಚಿತ್ರದಲ್ಲಿ ಹೊಸ ಹೀರೊಗೆ ಸಿಗರೇಟು ಹಚ್ಚಲು ಬರಲಿಲ್ಲ. ಮದುವೆ ಮನೆಯಲ್ಲಿ ಊದುಬತ್ತಿ ಹಿಡಿದ ಹಾಗೆ ಹಿಡಿಯುತ್ತಿದ್ದ. ನಿರ್ದೇಶಕ ತಲೆ ಚಚ್ಚಿಕೊಂಡಾಗ ಲಿಂಗಣ್ಣ ಮುಂದೆ ಬಂದು, ತಾನೊಂದು ತೋರಿಸಲೇ ಎಂದ. ಶೂ ಹಿಮ್ಮಡಿಗೆ ಮದ್ದಿನ ಪಟ್ಟಿ ಅಂಟಿಸಿದ. ಬಲಗಾಲು ಹಿಂದಕ್ಕೆ ಮಡಚಿ ಕಡ್ಡಿ ಗೀರಿ, ಅಂಗೈ ಮರೆಯಲ್ಲಿ ಸಿಗರೇಟು ಹಚ್ಚಿ, ಉರಿಯುವ ಕಡ್ಡಿಯನ್ನು ಹಿಂದಿರುಗಿ ನೋಡದೆ ಎಡಭುಜದ ಮೇಲಿಂದ ಎಸೆದ.

"ಇದೇ ಕಾವಾಲಿ ನಾಕು!" ಎಂದು ನಿರ್ದೇಶಕ ತೆಲುಗಿನಲ್ಲಿ ಕೂಗುತ್ತಾ ಕುರ್ಚಿಯಿಂದ ಹಾರಿ ಎದ್ದ. ಅವನಿಗೆ ಬೇಕಿದ್ದದ್ದು ಅದೇ ಆಗಿತ್ತು.

ಚಿತ್ರ ಓಡಿತು. ಕಡ್ಡಿ ಎಸೆಯುವ ಜಾಗ ಬಂದಾಗಲೆಲ್ಲ ಥೇಟರಿನಲ್ಲಿ ಸಿಳ್ಳೆ. ಪರದೆಯ ಮೂಲೆಯಲ್ಲಿ ಧೂಮಪಾನ ಹಾನಿಕರವೆಂಬ ಸಾಲು ಬರುತ್ತಿತ್ತು. ಅದನ್ನು ಓದುತ್ತಾ ಕೂರುವವರಾರು? ಆಗ ಹದಿನಾಲ್ಕರ ಮಗಳು ಲಹರಿ ಪಕ್ಕದ ಸೀಟಿನ ಅಪರಿಚಿತರಿಗೂ ಅದು ತನ್ನ ಅಪ್ಪನ ಸ್ಟೈಲು ಎಂದು ಹೇಳಿದಳು. ಮನೆಗೆ ಬರುವ ದಾರಿಯಲ್ಲಿ ಬಸ್ಸಿನಲ್ಲಿ, ಶೂಗೆ ಗೀರಿದರೆ ಕಡ್ಡಿ ಹೇಗೆ ಹತ್ತುತ್ತದೆ ಎಂದು ಕೇಳಿದಳು. ಲಿಂಗಣ್ಣ ಉಬ್ಬಿಹೋಗಿ ಗುಟ್ಟು ಬಿಟ್ಟುಕೊಟ್ಟ. ಅಂಥ ಮೆಚ್ಚುಗೆ ಅವನಿಗೆ ಆ ಹುಡುಗಿಯ ಕಣ್ಣಲ್ಲಿ ಬಿಟ್ಟು ಬೇರೆಲ್ಲೂ ಸಿಕ್ಕಿರಲಿಲ್ಲ. ಪರದೆಯ ಮೇಲೆ ಹೆಸರು ಸಹ ಬಂದಿರಲಿಲ್ಲ.

ಈಗ ಆ ಶೂ ಅವನ ಕೈಯಲ್ಲಿತ್ತು.

"ಏನ್ ನೋಡಾಕತ್ತೀರಿ ಅಷ್ಟ?" ಶಿವದೇವಿ ಒಳಗಿನಿಂದ ಬಂದಳು. ಅವನು ತೋರಿಸಿದ. ಅವಳು ಬಗ್ಗಿ ನೋಡಿ, "ಆಕಿ ದುಪ್ಪಟ್ಟಾ ವಾಸನಿ ಬರ್ತೈತಿ ಅಂತ ತಿಂಗಳಿಂದ ಹೇಳಾಕತ್ತೀನಿ. ಚಹಾ ಬಂಡಿ ಹೊಗಿ ಅಂದ್ರಿ. ಆಟೋದಾವ ಸೇದಿರಬೇಕು ಅಂದ್ರಿ. ಈಗೇನಂತೀರಿ?" ಎಂದಳು.

"ಸುಮ್ನ ಹುಡುಗಾಟಕ್ಕ ಅಂಟಿಸಿರಬೇಕು."

"ಹಂಗಾರ ಎಬ್ಬಿಸಿ ಕೇಳ್ರಿ."

ಲಿಂಗಣ್ಣ ಕೇಳಲಿಲ್ಲ. ಕೇಳಿದರೆ ಅವಳು ಸುಳ್ಳು ಹೇಳುತ್ತಾಳೆ, ತಾನು ನಂಬುತ್ತೇನೆ ಎಂಬುದು ಅವನಿಗೆ ಗೊತ್ತಿತ್ತು. ಶೂ ಹೊಲಿಸಿ ತಂದು, ಪಟ್ಟಿ ಕೀಳದೆ ಇದ್ದಲ್ಲೇ ಇಟ್ಟ.

ಮರುದಿನ ಕೆಲಸಕ್ಕೆ ರಜೆ ಹೇಳಿ ಮಗಳ ಹಿಂದೆಯೇ ಮೆಟ್ರೊ ಹತ್ತಿದ. ಲಹರಿ ಇಂಟರ್, ಅಂದರೆ ಪಿಯುಸಿಯ, ಮೊದಲ ವರ್ಷದಲ್ಲಿದ್ದಳು. ಕಾಲೇಜು ಅಮೀರ್‌ಪೇಟೆಯಲ್ಲಿ. ಅವಳು ಮುಂದೆ ಹೆಂಗಸರ ಬೋಗಿಯಲ್ಲಿ, ಅವನು ಹಿಂದಿನದರಲ್ಲಿ ಕಂಬ ಹಿಡಿದು ನಿಂತಿದ್ದ. ಅಮೀರ್‌ಪೇಟೆ ಬಂತು. ಜನ ದಬದಬನೆ ಇಳಿದರು. ಲಿಂಗಣ್ಣ ಕತ್ತು ಚಾಚಿ ನೋಡಿದ. ಮಗಳು ಇಳಿಯಲಿಲ್ಲ. ಬಾಗಿಲು ಮುಚ್ಚಿತು. ಅವನೂ ಇಳಿಯದೆ ಉಳಿದ.

ಬೇಗಂಪೇಟೆಯಲ್ಲಿ ಇಳಿದಳು. ಅವಳ ಜೊತೆ ಇನ್ನಿಬ್ಬರು ಹುಡುಗಿಯರು ಸೇರಿದರು, ಮೆಟ್ಟಿಲ ಬಳಿ ಇಬ್ಬರು ಹುಡುಗರು. ಅವರಲ್ಲಿ ಒಬ್ಬನನ್ನು ಲಿಂಗಣ್ಣ ಬಲ್ಲ. ಸೃಜನ್, ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿರುವ ಅಮರೇಶಪ್ಪನ ಮಗ. ಕನ್ನಡದವರೆಂದು ಎರಡು ಮನೆಗೂ ಹೋಗಿಬರುವುದಿತ್ತು. ಐವರೂ ರಸ್ತೆ ದಾಟಿ, ಪಾನ್ ಡಬ್ಬಾ ಒಂದರ ಮುಂದೆ ನಿಂತರು. ಅಂಗಡಿಯವನು ವಯಸ್ಸು ಕೇಳಲಿಲ್ಲ. ಬಿಡಿ ಸಿಗರೇಟು ಎಣಿಸಿ ಲಹರಿಯ ಕೈಗೇ ಕೊಟ್ಟ. ಅವಳು ಅತ್ತಿತ್ತ ನೋಡದೆ ಅವನ್ನು ಪೆನ್ಸಿಲ್ ಡಬ್ಬಿಯಲ್ಲಿಟ್ಟುಕೊಂಡಳು. ಇದು ಮೊದಲ ಸಲದ ಕೈಯಲ್ಲ ಎಂದು ಲಿಂಗಣ್ಣನಿಗೆ ಆಗಲೇ ಅರ್ಥವಾಯಿತು. ಕೂಗಿ ಕರೆಯದೆ ಹಿಂದೆಯೇ ನಡೆದ.

ಅವರು ಹೊಕ್ಕದ್ದು ಆಫೀಸುಗಳ ಹಿಂದಿನ ಒಂದು ಅರ್ಧ ಮುಗಿದ ಕಟ್ಟಡ. ಕಾವಲುಗಾರ ಕಾಣಲಿಲ್ಲ. ಲಿಂಗಣ್ಣ ಅವರು ಹೋದ ನೆಲಮಾಳಿಗೆಗೆ ಇಳಿಯುವ ಇಳಿಜಾರಿನಲ್ಲಿ ಕಂಬದ ಮರೆಗೆ ನಿಂತ. ಮೊದಲು ಅವನ ಮೂಗಿಗೆ ಬಡಿದದ್ದು ಸಿಗರೇಟಿನ ವಾಸನೆಯಲ್ಲ, ಬಣ್ಣಕ್ಕೆ ಬೆರೆಸುವ, ಕಿಡಿ ತಾಗಿದರೆ ಹತ್ತಿಕೊಳ್ಳುವ ಥಿನ್ನರಿನದು. ಬಣ್ಣ ಬಳಿಯುವವರು ಬಿಟ್ಟುಹೋದ ಡಬ್ಬಗಳು ಗೋಡೆಗುಂಟ ಇದ್ದವು. ಕೈ ಒರೆಸಿ ಎಸೆದ ಹತ್ತಿ, ಚಿಂದಿ ಅಲ್ಲೇ ಗುಡ್ಡೆಯಾಗಿತ್ತು.

ಒಬ್ಬ ಹುಡುಗ ಫೋನು ಎತ್ತಿ ಹಿಡಿದ. ಲಹರಿ ನಡುವೆ ನಿಂತಳು. ಸಿಗರೇಟು ತುಟಿಗಿಟ್ಟಳು. ಬಲಗಾಲು ಹಿಂದಕ್ಕೆ ಮಡಚಿದಳು.

ಲಿಂಗಣ್ಣ ಸಿನಿಮಾದಲ್ಲಿ ಕಳೆದ ಇಪ್ಪತ್ತೈದು ವರ್ಷದಲ್ಲಿ ತನ್ನ ಕೈಚಳಕವನ್ನು ಇಷ್ಟು ಚೊಕ್ಕವಾಗಿ ಇನ್ನೊಬ್ಬರು ಮಾಡಿದ್ದನ್ನು ನೋಡಿರಲಿಲ್ಲ. ಆ ಹೀರೊ ಕೂಡ ಹೀಗೆ ಮಾಡಿರಲಿಲ್ಲ. ಅರೆಕ್ಷಣ, ನಾಚಿಕೆಗೇಡು, ಅವನಿಗೆ ಹೆಮ್ಮೆಯೇ ಆಯಿತು. ಆಮೇಲೆ ಸೃಜನ್ ಎಲ್ಲಿ ನಿಂತಿದ್ದಾನೆಂದು ಕಂಡ. ಲಹರಿಯ ಹಿಂದೆ, ಚಿಂದಿಯ ಗುಡ್ಡೆಗೆ ಒರಗಿದಂತೆ.

"ಲಹರೀ, ಒಗೀಬ್ಯಾಡ!"

ದನಿ ಹೊರಟಾಗ ಕಡ್ಡಿ ಗಾಳಿಯಲ್ಲಿತ್ತು.

ಬೆಂಕಿ ಭುಗ್ಗೆಂದಿತು. ಸೃಜನ್‌ನ ಪ್ಯಾಂಟಿನ ಕಾಲು ಹತ್ತಿಕೊಂಡಿತು. ಅವನು ಕಿರುಚುತ್ತಾ ಇಳಿಜಾರಿನ ಕಡೆಗೆ ಓಡಿದ. ಓಡಿದಷ್ಟೂ ಉರಿ ಮೇಲೇರಿತು. ಲಿಂಗಣ್ಣ ಅವನನ್ನು ಸೊಂಟಕ್ಕೆ ಹಿಡಿದು ನೆಲಕ್ಕೆ ಕೆಡವಿ, ಮೇಲೆ ಬಿದ್ದು, ಕಟ್ಟಡಕ್ಕೆಂದು ಸುರಿದಿದ್ದ ಮರಳನ್ನು ಎರಡೂ ಕೈಯಿಂದ ಅವನ ಕಾಲಿನ ಮೇಲೆ ಎಳೆದ. "ಉಳ್ಳಾಡೋ, ಉಳ್ಳಾಡು!" ಎಂದು ಅರಚಿದ. ಸೆಟ್ಟಿನಲ್ಲಿ ಬೆಂಕಿಯ ದೃಶ್ಯವಿದ್ದರೆ ಮರಳು, ಒದ್ದೆ ಗೋಣಿ ಇಡದೆ ಅವನು ಕ್ಯಾಮೆರಾ ಓಡಲು ಬಿಡುತ್ತಿರಲಿಲ್ಲ. ಇಲ್ಲಿ ಯಾರೂ ಏನೂ ಇಟ್ಟಿರಲಿಲ್ಲ.

"ಡಬ್ಬಾ ದೂರ ಸರಸ್ರಿ! ಲಹರೀ, ಮರಳು ಹಾಕು, ಗುಡ್ಡಿ ಮ್ಯಾಲ!"

ಲಹರಿ ಕಲ್ಲಾಗಿ ನಿಂತಿದ್ದಳು. ಅಪ್ಪ ಎಲ್ಲಿಂದ ಬಂದನೆಂದು ಅವಳಿಗೆ ತಿಳಿಯಲಿಲ್ಲ. ಎರಡನೇ ಸಲ ಅರಚಿದಾಗ ಮಾತ್ರ ಎಚ್ಚೆತ್ತು, ಪುಸ್ತಕದ ಚೀಲ ಬೋರಲು ಮಾಡಿ ಖಾಲಿ ಚೀಲದಲ್ಲಿ ಮರಳು ತುಂಬಿ ಸುರಿಯತೊಡಗಿದಳು. ಉಳಿದಿಬ್ಬರು ಹುಡುಗಿಯರು ಡಬ್ಬಗಳನ್ನು ಒದ್ದು ದೂರ ಸರಿಸಿದರು. ಹೊಗೆಯಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ. ಬೆಂಕಿ ಆರಿದಾಗ ಸೃಜನ್ ಬಾಯಿ ತೆರೆದು ಅಳುತ್ತಿದ್ದ. ಅವನ ಎಡಗಾಲಿನ ಮೀನಖಂಡದ ಚರ್ಮ ಬಟ್ಟೆಯ ಜೊತೆ ಸುರುಟಿಕೊಂಡಿತ್ತು. ಲಿಂಗಣ್ಣನ ಅಂಗೈಗಳಲ್ಲೂ ಬೊಬ್ಬೆ ಎದ್ದಿದ್ದವು. ಅದು ಅವನಿಗೆ ಆಟೋದಲ್ಲಿ ಕೂತ ಮೇಲೆ ಗೊತ್ತಾಯಿತು.

ಆಸ್ಪತ್ರೆಗೆ ಅಮರೇಶಪ್ಪ ಕಾರ್ಖಾನೆಯ ಸಮವಸ್ತ್ರದಲ್ಲೇ ಓಡಿಬಂದ. ಜೀವಕ್ಕೆ ಅಪಾಯವಿಲ್ಲ, ತೊಡೆಯ ಚರ್ಮ ತೆಗೆದು ಕಾಲಿಗೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು. ಅಮರೇಶಪ್ಪ ಗೋಡೆ ಹಿಡಿದು ನಿಂತ. ಆಮೇಲೆ ಹೊರಳಿ ಕೇಳಿದ: "ಯಾರು ಕಲಿಸಿದ್ರೋ ಈ ಹುಡುಗ್ರಿಗೆ ಇಂಥಾದ್ದು? ಯಾರವ?"

ಬೆಂಚಿನ ಮೇಲೆ ಕೂತಿದ್ದ ಲಹರಿ ಬಾಯಿ ತೆರೆದಳು. ಲಿಂಗಣ್ಣ ಅವಳಿಗಿಂತ ಮೊದಲೇ ಹೇಳಿದ.

"ನಾನ ರೀ, ಅಮರೇಶಪ್ಪಾವ್ರ."

ಅಮರೇಶಪ್ಪನಿಗೆ ಅರ್ಥವಾಗಲಿಲ್ಲ. ಲಿಂಗಣ್ಣ ಸೆಟ್ಟಿನ ಕತೆ, ಬಸ್ಸಿನ ಕತೆ, ಶೂ ಪಟ್ಟಿಯ ಕತೆ ಎಲ್ಲ ಹೇಳಿದ. ನಿನ್ನೆಯೇ ಗೊತ್ತಿದ್ದೂ ಸುಮ್ಮನಿದ್ದೆ ಎಂಬುದನ್ನೂ ಮುಚ್ಚಿಡಲಿಲ್ಲ. ಅಮರೇಶಪ್ಪ ಅವನ ಕಟ್ಟು ಹಾಕಿದ ಕೈಗಳನ್ನು ನೋಡಿದ. ಬೈಯಲೂ ಇಲ್ಲ, ಸಮಾಧಾನದ ಮಾತೂ ಆಡಲಿಲ್ಲ. "ನನ್ನ ಮಗಾ ಉಳದಾನ. ಈಗ ಹೋಗ್ರಿ ನೀವು," ಎಂದು ಒಳಗೆ ಹೋದ. ಎರಡು ಮನೆಗಳ ನಡುವೆ ಹೋಗಿಬರುವುದು ಏಳು ತಿಂಗಳು ನಿಂತುಹೋಯಿತು.

ಆ ಸಂಜೆ ಮನೆಯಲ್ಲಿ ಮೂವರೂ ನೆಲದ ಮೇಲೆ ಕೂತರು. ಶಿವದೇವಿ ಗಂಡನಿಗೆ ಅನ್ನ ಕಲಸಿ ಬಾಯಿಗೆ ಕೊಡುತ್ತಿದ್ದಳು. ಹೊಡೆಯುತ್ತಾರೆ ಎಂದೇ ಲಹರಿ ಕಾಯುತ್ತಿದ್ದಳು. ಯಾರೂ ಹೊಡೆಯದಿದ್ದಾಗ ತಾನೇ ಶುರು ಮಾಡಿದಳು.

"ಮೊದ್ಲ ಸೇದತಿರಲಿಲ್ಲ ಅಪ್ಪಾ. ಕಡ್ಡಿ ಅಷ್ಟ. ಅದು ನಮ್ಮಪ್ಪ ಮಾಡಿದ್ದು ಅಂದ್ರ ಕಾಲೇಜಿನ್ಯಾಗ ಯಾರೂ ನಂಬಲಿಲ್ಲ. ನಿಮ್ಮಪ್ಪ ಸಾಮಾನು ಹೊರಾವ ಅಂದ್ರು. ಮಾಡಿ ತೋರಿಸ್ದೆ. ಬ್ಯಾರೆ ಯಾರಿಗೂ ಕಡ್ಡಿ ಹತ್ತಂಗಿಲ್ಲ, ನನಗ ಹತ್ತತೈತಿ. ಖಾಲಿ ಕಡ್ಡಿ ಎಷ್ಟ ದಿನಾ ಹಚ್ಚೂದು? ಬಾಯಾಗ ಸಿಗರೇಟ್ ಇದ್ರನ ಅದು ಚಂದ."

"ಕೆಮ್ಮು ಬರಲಿಲ್ಲೇನ ನಿನಗ?"

"ಬಂತು. ನಂದ ತಪ್ಪು ಅನ್ಕೊಂಡೆ. ಸಿನಿಮಾದಾಗ ಯಾರೂ ಕೆಮ್ಮಂಗಿಲ್ಲಲ್ಲ."

ಲಿಂಗಣ್ಣ ಬಾಯಿಗೆ ಬಂದ ತುತ್ತನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದ. ಆಮೇಲೆ ನಿಧಾನವಾಗಿ ಹೇಳಿದ: "ಆ ಹೀರೊ ಆವತ್ತು ಹದಿನಾಲ್ಕು ಸಲ ಕೆಮ್ಮಿದ, ಮಗಳ. ಪುದೀನ ಸಿಗರೇಟಿಗೇ. ಎರಡು ಸಲ ವಾಂತಿ ಮಾಡ್ಕೊಂಡ. ಬಕೆಟ್ ಹಿಡಕೊಂಡಾವ ನಾನ. ಹದಿನೈದನೇದು ಅಷ್ಟ ನೀ ನೋಡಿದ್ದು. ಅದನ್ನ ನಿನಗ ಬಸ್ಸಿನ್ಯಾಗ ಹೇಳಲಿಲ್ಲ ನಾನು. ಹೆಚ್ಚುಗಾರಿಕಿ ಅಷ್ಟ ಹೇಳ್ದೆ."

ಲಹರಿ ಮೊಣಕಾಲಲ್ಲಿ ಮುಖ ಹುದುಗಿಸಿ ಅತ್ತಳು.

ಅತ್ತ ಮಾತ್ರಕ್ಕೆ ಚಟ ಬಿಡಲಿಲ್ಲ. ಮೂರನೇ ದಿನಕ್ಕೆ ಸಿಡುಕು ಹತ್ತಿತು, ತಟ್ಟೆ ಎಸೆದಳು, ಓದಿದ್ದು ತಲೆಗೆ ಹೋಗುವುದಿಲ್ಲ ಎಂದು ಗೋಡೆಗೆ ಗುದ್ದಿದಳು. ದಿನಕ್ಕೆ ಆರು ಸೇದುತ್ತಿದ್ದಳೆಂದು ಆಗಲೇ ತಂದೆತಾಯಿಗೆ ತಿಳಿದದ್ದು. ಸರ್ಕಾರಿ ಆಸ್ಪತ್ರೆಯೊಂದರ ಡಾಕ್ಟರಮ್ಮ, ಬೈಯಬೇಡಿ, ಜೊತೆಗಿರಿ, ಸೇದಬೇಕೆನ್ನುವ ಆಸೆ ಬಂದ ಹತ್ತು ನಿಮಿಷ ದಾಟಿಸಿದರೆ ಸಾಕು ಎಂದು ಹೇಳಿಕೊಟ್ಟರು. ಶಿವದೇವಿ ಒಂದು ತಿಂಗಳು ಮಗಳ ಜೊತೆ ಮೆಟ್ರೊದಲ್ಲಿ ಹೋಗಿ ಬಂದಳು.

ಈ ನಡುವೆ ನಿರ್ದೇಶಕನಿಂದ ಕರೆ ಬಂತು. ಚಿತ್ರದ ಎರಡನೇ ಭಾಗ. ಈ ಸಲ ನಾಯಕಿಯೂ ಸೇದುತ್ತಾಳೆ. ಅವಳಿಗೊಂದು ಹೊಸ ಸ್ಟೈಲು ಬೇಕು, ಪರದೆಯ ಮೇಲೆ ಹೆಸರೂ ಹಾಕಿಸುತ್ತೇನೆ ಎಂದ. ಇಪ್ಪತ್ತೈದು ವರ್ಷದಲ್ಲಿ ಯಾರೂ ಆಡದ ಮಾತು ಅದು. ಲಿಂಗಣ್ಣನ ಕೈಕಟ್ಟು ಇನ್ನೂ ಬಿಚ್ಚಿರಲಿಲ್ಲ. ನಡೆದದ್ದೆಲ್ಲ ತೆಲುಗಿನಲ್ಲಿ ವಿವರಿಸಿ, ಅವಳು ಸೇದಲೇಬೇಕೆಂದರೆ ಒಂದು ಸಲವಾದರೂ ಕೆಮ್ಮಲಿ, ಆ ಕೆಮ್ಮನ್ನು ಕತ್ತರಿಸದೆ ಹಾಗೇ ಇಡಿ, ಆಗ ಬರುತ್ತೇನೆ ಎಂದ. ನಿರ್ದೇಶಕ ಕೆಟ್ಟವನಲ್ಲ. ಹುಡುಗನ ಕಾಲು ಹೇಗಿದೆ ಎಂದು ಕೇಳಿದ. ಕೆಮ್ಮುವ ನಾಯಕಿಯನ್ನು ಯಾರು ನೋಡುತ್ತಾರೆ ಎಂದೂ ಕೇಳಿದ. ಲಿಂಗಣ್ಣ ಫೋನಿಟ್ಟ. ಆ ಕೆಲಸ ಬೇರೆಯವನ ಪಾಲಾಯಿತು. ಚಿತ್ರ ಬಂತು, ಸಿಳ್ಳೆಯೂ ಬಿತ್ತು. ಅವನೀಗ ಧಾರಾವಾಹಿಗಳ ಅಡಿಗೆಮನೆಗೆ ಪಾತ್ರೆ ಜೋಡಿಸುತ್ತಾನೆ. ಸಿಗರೇಟಿನ ದೃಶ್ಯವಿದ್ದರೆ ಪೆಟ್ಟಿಗೆಯ ಬೀಗದಕೈ ಇನ್ನೊಬ್ಬನಿಗೆ ಕೊಟ್ಟು ಹೊರಗೆ ಹೋಗಿ ನಿಲ್ಲುತ್ತಾನೆ. ನಗುವವರು ನಗುತ್ತಾರೆ.

ಸೃಜನ್ ಏಳು ತಿಂಗಳಿಗೆ ಕುಂಟದೆ ನಡೆದ. ಅವನೇ ತಂದೆಯನ್ನು ಕರೆದುಕೊಂಡು ಇವರ ಮನೆಗೆ ಬಂದ. ಅಮರೇಶಪ್ಪ ಚಹಾ ಕುಡಿದು, ಬೇಸಿಗೆಯ ನೀರಿನ ಟ್ಯಾಂಕರಿನ ಬಗ್ಗೆ ಮಾತಾಡಿ, ಎದ್ದು ಹೋದ. ಅಷ್ಟೇ. ಆದರೆ ಬಂದಿದ್ದ.

ಲಹರಿ ಎರಡು ಸಲ ಜಾರಿದಳು. ಮೊದಲ ಸಲ ಮುಚ್ಚಿಟ್ಟು ಸಿಕ್ಕಿಬಿದ್ದಳು. ಎರಡನೇ ಸಲ ತಾನೇ ಬಂದು ಹೇಳಿದಳು. ಆಮೇಲೆ ಎರಡನೇ ವರ್ಷದ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ, ಲಿಂಗಣ್ಣ ಸೆಟ್ಟಿನಲ್ಲಿ ಸುಳ್ಳು ಮದುವೆಯೊಂದಕ್ಕೆ ಹೂವಿನ ಹಾರ ಕಟ್ಟಿಸುತ್ತಿದ್ದಾಗ, ಫೋನು ಮಾಡಿದಳು.

"ಅಪ್ಪಾ, ಸೇದಬೇಕು ಅಂತ ಭಾಳ ಅನಸಾಕತ್ತೈತಿ. ಓಣಿ ಅಂಗಡಿ ಮುಂದನ ನಿಂತೀನಿ."

"ರೊಕ್ಕ ಕೊಟ್ಟಿಯೇನ?"

"ಇನ್ನೂ ಇಲ್ಲ."

"ಬಂದೆ. ಅಲ್ಲಿಂದ ನಡಿಯಾಕ ಶುರು ಮಾಡು. ಫೋನ್ ಇಡಬ್ಯಾಡ."

ಹೂವಿನ ಬುಟ್ಟಿ ಯಾರದೋ ಕೈಗೆ ಕೊಟ್ಟು ಅವನು ಗೇಟಿನ ಹೊರಗೆ ಓಡಿದ. ಆಟೋದಲ್ಲಿ ಕೂತು ಬಾಯಿಗೆ ಬಂದದ್ದೆಲ್ಲ ಮಾತಾಡಿದ. ನಾಳೆಯ ಪರೀಕ್ಷೆ, ಮದುಮಗನ ಜಾರುವ ಪೇಟ, ಅಮ್ಮನ ಮೊಣಕಾಲು ನೋವು. ಅತ್ತ ಕಡೆಯಿಂದ ಅವಳ ಉಸಿರು, ಹೆಜ್ಜೆಯ ಸದ್ದು ಕೇಳುತ್ತಿತ್ತು. ಯೂಸುಫ್‌ಗೂಡದ ತಿರುವಿನಲ್ಲಿ ಅವಳು ಎದುರಿಗೇ ನಡೆದು ಬರುತ್ತಿದ್ದಳು. ಫೋನು ಕಿವಿಯಲ್ಲೇ ಇತ್ತು. ಇನ್ನೊಂದು ಕೈ ಖಾಲಿಯಾಗಿತ್ತು.